ಒಂದು ನಕ್ಷತ್ರಕ್ಕೆ ತಮಾಷೆಯ ಉತ್ತರ

ತೀರ್ಥಹಳ್ಳಿಯ ಮಿತ್ರರೇ, ನಿಮ್ಮ ಕಥಾಸಂಕಲನಕ್ಕೆ ಅಮೆಜಾನ್‌ನಲ್ಲಿ ಒಂದೇ ನಕ್ಷತ್ರ ಕೊಟ್ಟು, ‘ಕತೆಗಿಂತ ಅಡಿಕೆ ಸುಲಿಯುವುದೇ ಹೆಚ್ಚಾಯಿತು’ ಎಂದು ಬರೆದ ಓದುಗರಿಗೆ ತಮಾಷೆಯಾಗಿ ಉತ್ತರಿಸಬಹುದೇ ಎಂದು ಕೇಳಿದ್ದೀರಿ. ಉತ್ತರಿಸಬಹುದು, ಆದರೆ ಅಲ್ಲಿ ಸಾಧ್ಯವಿಲ್ಲ. ವಿಮರ್ಶೆಯ ಕೆಳಗೆ ಪ್ರತಿಕ್ರಿಯೆ ಬರೆಯುವ ಸೌಲಭ್ಯವನ್ನು ಅಮೆಜಾನ್ 2020ರ ಡಿಸೆಂಬರ್‌ನಲ್ಲೇ ತೆಗೆದುಹಾಕಿದೆ. ಓದುಗರು ಪುಸ್ತಕಗಳ ಬಗ್ಗೆ ಬರೆಯುವ ಜಾಲತಾಣ ಗುಡ್‌ರೀಡ್ಸ್ ಕೂಡ ಕಟುವಾಗಿ ಬರೆದ ಓದುಗರೊಡನೆ ವಾದಕ್ಕಿಳಿಯಬೇಡಿ ಎಂದೇ ಲೇಖಕರಿಗೆ ಸಲಹೆ ನೀಡುತ್ತದೆ.

ಆದ್ದರಿಂದ ನಿಮ್ಮ ಫೇಸ್‌ಬುಕ್ ಪುಟದಲ್ಲಿ, ಬರೆದವರ ಹೆಸರು ಕಾಣದಂತೆ, ಆ ಸಾಲನ್ನಷ್ಟೇ ಹಾಕಿಕೊಂಡು ನಗುವುದು ಒಳ್ಳೆಯದು. ನನ್ನ ಪ್ರಬಂಧಗಳ ಪುಸ್ತಕಕ್ಕೆ ಒಬ್ಬರು ‘ನೂರು ಪುಟವಾದರೂ ಮಳೆ ನಿಲ್ಲಲಿಲ್ಲ’ ಎಂದು ಬೇಸರಿಸಿದ್ದರು. ‘ಆಗುಂಬೆಯವನ ಕೈಯಲ್ಲಿ ಅಷ್ಟಕ್ಕೇ ನಿಂತಿದ್ದು ನಿಮ್ಮ ಪುಣ್ಯ, ಮುಂದಿನ ಮುದ್ರಣದೊಡನೆ ಕೊಡೆಯನ್ನೂ ಕೊಡುತ್ತೇನೆ’ ಎಂದು ಬರೆದೆ. ಆ ವಾರ ನಾಲ್ಕೈದು ಮಂದಿ ಪುಸ್ತಕ ಕೇಳಿ ಫೋನ್ ಮಾಡಿದರು. ಕೊಡೆ ಕೇಳಿದವರು ಅದಕ್ಕಿಂತ ಹೆಚ್ಚು.

ನಗೆ ನಮ್ಮ ಮೇಲೆ ಬೀಳಬೇಕು, ಓದುಗರ ಮೇಲಲ್ಲ. ‘ನಿಮಗೆ ಓದಲು ಬರುವುದಿಲ್ಲವೇ’ ಎಂಬ ಧ್ವನಿ ಒಂದಿಷ್ಟು ಇಣುಕಿದರೂ ಅದು ತಮಾಷೆಯಾಗಿ ಉಳಿಯದೆ ಜಗಳವಾಗುತ್ತದೆ, ನಿಮ್ಮ ಹಿತೈಷಿಗಳು ಆ ಬಡಪಾಯಿಯ ಮೇಲೆ ಮುಗಿಬೀಳುತ್ತಾರೆ. ದೂರು ನಿಜವಾಗಿದ್ದರಂತೂ ನಗುವ ಹಕ್ಕೇ ನಮಗಿಲ್ಲ: ನನ್ನ ಪುಸ್ತಕದಲ್ಲಿ ಹದಿನಾರು ಪುಟ ಎರಡೆರಡು ಸಲ ಹೊಲಿದು ಬಂದಿದ್ದಾಗ ಕ್ಷಮೆ ಕೇಳಿ ಬೇರೆ ಪ್ರತಿ ಕಳಿಸಿದೆ. ನಿಮ್ಮ ಅಡಿಕೆಯ ವಿಷಯಕ್ಕೆ ಮಾತ್ರ ಧಾರಾಳವಾಗಿ ನಗಬಹುದು.