ದಿನಕ್ಕೊಂದು ಗ್ಲಾಸ್ ವೈನ್: ಒಳ್ಳೆಯದಾ, ಕೆಟ್ಟದ್ದಾ?
"ವೈನ್ ಹೃದಯಕ್ಕೆ ಒಳ್ಳೆಯದು ಅಂತಿದ್ದವರೇ ಈಗ ಒಂದು ತೊಟ್ಟೂ ಬೇಡ ಅಂತಾರೆ, ಯಾವುದನ್ನು ನಂಬೋದು?" ಅಂತ ಕೇಳಿದ್ದೀರಿ. ಗೊಂದಲ ಆಗೋದು ಸಹಜವೇ.

ಹಳೆಯ ಅಧ್ಯಯನಗಳಲ್ಲಿ ಒಂದು ಎಡವಟ್ಟಿತ್ತು. ಎಷ್ಟೋ ಕಡೆ 'ಕುಡಿಯದವರ' ಗುಂಪಿನಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರೂ ಸೇರಿಕೊಂಡಿದ್ದರು. ಅವರ ಪಕ್ಕ ನಿಲ್ಲಿಸಿದರೆ ಸ್ವಲ್ಪ ಕುಡಿಯುವವರು ಗಟ್ಟಿಮುಟ್ಟಾಗಿಯೇ ಕಾಣುತ್ತಾರೆ, ಅಲ್ವಾ? ಮಿತವಾಗಿ ಕುಡಿಯುವವರಲ್ಲಿ ಅನುಕೂಲಸ್ಥರೂ ಜಾಸ್ತಿ. ಒಳ್ಳೆಯ ಊಟ, ವ್ಯಾಯಾಮದ ಫಲವೆಲ್ಲ ಸುಮ್ನೆ ವೈನ್ ಖಾತೆಗೆ ಜಮಾ ಆಯಿತು.

ಹಾಗಂತ ಈಗಿನ ಹೆಡ್‌ಲೈನ್‌ಗಳಿಗೂ ಬೆಚ್ಚಬೇಡಿ. 2018ರಲ್ಲಿ 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನದ ಲೆಕ್ಕ ನೋಡಿ. ಮದ್ಯದಿಂದ ಹೆಚ್ಚುವ ಕಾಯಿಲೆಗಳು ಬೇರೆ ಕಾರಣಕ್ಕೂ ಬರುತ್ತವೆ. ಹಾಗಾಗಿ ಕುಡಿಯದ ಒಂದು ಲಕ್ಷ ಜನರಲ್ಲೂ ವರ್ಷಕ್ಕೆ 914 ಮಂದಿಗೆ ಅವು ಬರುತ್ತವೆ. ದಿನಕ್ಕೆ 10 ಗ್ರಾಂ ಆಲ್ಕೋಹಾಲ್, ಅಂದರೆ ಸುಮಾರು ಒಂದು ಸಣ್ಣ ಗ್ಲಾಸ್ ವೈನ್ ಕುಡಿದರೆ 918. ನಾಲ್ಕೇ ಜನ ಜಾಸ್ತಿ! 20 ಗ್ರಾಂ ಆದರೆ ಮಾತ್ರ 977ಕ್ಕೆ ಏರುತ್ತದೆ. 'ಸುರಕ್ಷಿತ ಪ್ರಮಾಣವೇ ಇಲ್ಲ' ಅನ್ನುವುದೂ ನಿಜ, ಒಂದು ಗ್ಲಾಸಿನ ಅಪಾಯ ಚಿಕ್ಕದು ಅನ್ನುವುದೂ ನಿಜ. ಸುದ್ದಿಯಲ್ಲಿ ಮೊದಲನೆಯದು ಮಾತ್ರ ಬರುತ್ತದೆ, ಅದೇ ತೊಂದರೆ.

ನನ್ನನ್ನು ಕೇಳಿದರೆ, ಹೃದಯದ ನೆಪದಲ್ಲಿ ಹೊಸದಾಗಿ ಶುರು ಮಾಡಬೇಡಿ. ಮದ್ಯ ಕ್ಯಾನ್ಸರ್‌ಕಾರಕ ಅಂತ 1988ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿಯಾಗಿದೆ.