ನಿಮ್ಮ ಫ್ರಾಕಿಂಗ್ ಲೇಖನದ ಬಗ್ಗೆ

ನಮಸ್ಕಾರ.

ಫ್ರಾಕಿಂಗ್‌ನಿಂದ ನೀರು, ಗಾಳಿ, ಆರೋಗ್ಯ ಹಾಳಾಗುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ಆದರೆ ಕೈಬಿಡುವ ವಿಷಯವೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟದ ತುಂಬ ಭೂತಾಯಿ, ಒಡಲು, ರಕ್ಕಸರು. ಆದರೆ ಫ್ರಾಕಿಂಗ್ ಅಂದರೆ ಏನು ಅಂತ ಎಲ್ಲೂ ಇಲ್ಲ. ನಾಲ್ಕು ಸಾಲು ಸಾಕು. ಒಂದೆರಡು ಕಿಲೋಮೀಟರ್ ಆಳಕ್ಕೆ ಕೊರೆದು, ಅಲ್ಲಿಂದ ಅಡ್ಡಕ್ಕೆ ತಿರುಗುತ್ತಾರೆ. ನೀರು, ಮರಳು, ರಾಸಾಯನಿಕಗಳನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ, ಗ್ಯಾಸ್ ಹಿಡಿದಿಟ್ಟುಕೊಂಡ ಶೇಲ್ ಅನ್ನುವ ಪದರಗಲ್ಲನ್ನು ಬಿರುಕು ಬಿಡಿಸುತ್ತಾರೆ. ಬಿರುಕು ಮುಚ್ಚಿಕೊಳ್ಳದ ಹಾಗೆ ಮರಳಿನ ಕಾಳು ತಡೆಯುತ್ತದೆ, ಗ್ಯಾಸ್ ಹೊರಗೆ ಬರುತ್ತದೆ. ಅಮೆರಿಕದಲ್ಲಿ ಹೀಗೆ ಕೊರೆದ ಒಂದು ಬಾವಿಗೆ ಸುಮಾರು ಅರ್ಧ ಕೋಟಿಯಿಂದ ಆರು ಕೋಟಿ ಲೀಟರ್ ನೀರು ಹೋಗುತ್ತದೆ. ಇದನ್ನು ಓದಿದವರಿಗೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ನೀವು ಶುರು ಮಾಡಿರುವುದು ನಲ್ಲಿ ನೀರಿಗೆ ಬೆಂಕಿ ಹತ್ತಿಕೊಳ್ಳುವ ದೃಶ್ಯದಿಂದ. ಕಣ್ಣಿಗೆ ಕಟ್ಟುವ ಚಿತ್ರ, ಒಪ್ಪುತ್ತೇನೆ. ನಿಮ್ಮ ವಾದದಲ್ಲಿ ಎಲ್ಲಕ್ಕಿಂತ ಸಡಿಲವಾದ ಇಟ್ಟಿಗೆಯೂ ಅದೇ. ಕೆಲವು ಕಡೆ ಬಾವಿ ನೀರಿನಲ್ಲಿ ಮೀಥೇನ್ ಅನ್ನುವ ಉರಿಯುವ ಗ್ಯಾಸ್ ಮೊದಲಿಂದಲೂ ಇರುತ್ತದೆ. ಎದುರಿನವರು ಅದೊಂದನ್ನು ಹೇಳಿದರೆ ಸಾಕು, ನಿಮ್ಮ ಲೇಖನ ಅಲ್ಲಿಗೇ ಬಿತ್ತು. 2011ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಪೆನ್ಸಿಲ್ವೇನಿಯ, ನ್ಯೂಯಾರ್ಕ್ ಕಡೆಯ ಕುಡಿಯುವ ನೀರಿನ ಬಾವಿಗಳ ಅಧ್ಯಯನ ಪ್ರಕಟಿಸಿದರು. ಗ್ಯಾಸ್ ಬಾವಿಯಿಂದ ಒಂದು ಕಿಲೋಮೀಟರ್ ಒಳಗಿದ್ದ ನೀರಿನಲ್ಲಿ ಮೀಥೇನ್ ತುಂಬಾ ಜಾಸ್ತಿ ಇತ್ತು. ಫ್ರಾಕಿಂಗ್ ದ್ರವ ಸೇರಿದ್ದಕ್ಕೆ ಮಾತ್ರ ಅವರಿಗೆ ಕುರುಹು ಸಿಗಲಿಲ್ಲ. ಎರಡನ್ನೂ ಬರೆಯಿರಿ. ಎರಡನೆಯದನ್ನು ಮುಚ್ಚಿಟ್ಟರೆ ಮೊದಲನೆಯದನ್ನೂ ಯಾರೂ ನಂಬುವುದಿಲ್ಲ.

ಹಾಗಾದರೆ ಗ್ಯಾಸ್ ಮೇಲೆ ಬಂದದ್ದು ಹೇಗೆ? ಆಳದ ಬಿರುಕಿನಿಂದ ಅಷ್ಟೂ ಕಲ್ಲನ್ನು ಸೀಳಿಕೊಂಡು ಬಂತು ಅಂತ ನೀವು ಬರೆದಿದ್ದೀರಿ. ಅಷ್ಟು ಕಷ್ಟಪಡಬೇಕಿಲ್ಲ. ಕೊರೆದ ತೂತಿಗೂ ಉಕ್ಕಿನ ಪೈಪಿಗೂ ನಡುವೆ ಸಿಮೆಂಟ್ ತುಂಬಿರುತ್ತಾರೆ. ಅದು ಸರಿಯಾಗಿ ಕೂರದಿದ್ದರೆ ಪೈಪಿನ ಪಕ್ಕದ ಸಂದಿಯೇ ದಾರಿಯಾಗುತ್ತದೆ. ಪೆನ್ಸಿಲ್ವೇನಿಯದ ಡಿಮಾಕ್ ಅನ್ನುವ ಊರಿನಲ್ಲಿ 2009ರ ಜನವರಿ 1ರಂದು ಒಂದು ಮನೆಯ ನೀರಿನ ಬಾವಿ ಸಿಡಿದು, ಮೇಲಿದ್ದ ಕಾಂಕ್ರೀಟ್ ಚಪ್ಪಡಿ ಒಡೆಯಿತು. ಗ್ಯಾಸ್ ಬಾವಿಗಳನ್ನು ಸರಿಯಾಗಿ ಕಟ್ಟದೆ ಮೀಥೇನ್ ಸೋರಿದೆ ಅಂತ ಆ ರಾಜ್ಯದ ಪರಿಸರ ಇಲಾಖೆಯೇ ಹೇಳಿತು. ನಿಮ್ಮ ಹತ್ತು ರಕ್ಕಸರಿಗಿಂತ ಆ ಒಂದು ಚಪ್ಪಡಿ ಹೆಚ್ಚು ಹೇಳುತ್ತದೆ, ಅಲ್ವಾ?

ಭೂಕಂಪದ ಪ್ಯಾರಾ ತಿದ್ದಲೇಬೇಕು. ಅಮೆರಿಕದ ಓಕ್ಲಹೋಮ ರಾಜ್ಯದಲ್ಲಿ 2008ಕ್ಕೆ ಮುಂಚೆ 3 ತೀವ್ರತೆ ದಾಟಿದ ಕಂಪನ ವರ್ಷಕ್ಕೆ ಒಂದೋ ಎರಡೋ. 2015ರಲ್ಲಿ ಸುಮಾರು 900. ನೀವು ಕೊಟ್ಟ ಅಂಕಿ ಸರಿ, ಕಾರಣ ತಪ್ಪು. ಅಲ್ಲಿ ಹೆಚ್ಚಿನ ಕಂಪನಗಳಿಗೆ ಕಾರಣ ಕಲ್ಲು ಒಡೆಯುವ ಕೆಲಸವಲ್ಲ. ಎಣ್ಣೆ, ಗ್ಯಾಸ್ ಜೊತೆ ಮೇಲೆ ಬರುವ ಉಪ್ಪುನೀರನ್ನು ವಿಲೇವಾರಿ ಬಾವಿಗಳಲ್ಲಿ ಮತ್ತೆ ಆಳಕ್ಕೆ ತುಂಬುತ್ತಾರಲ್ಲ, ಅದು. ಆ ನೀರಿನ ಬಗ್ಗೆ ನೀವು ಬರೆದೇ ಇಲ್ಲ! ಅದರಲ್ಲಿ ಉಪ್ಪಷ್ಟೇ ಅಲ್ಲ, ವಿಕಿರಣ ಸೂಸುವ ರೇಡಿಯಂ, ಕ್ಯಾನ್ಸರ್ ತರಬಲ್ಲ ಬೆಂಜೀನ್ ಕೂಡ ಇರಬಹುದು. ಒಳಗೆ ಅಸ್ತರ ಹಾಕದ ಗುಂಡಿಯಲ್ಲಿ ನಿಲ್ಲಿಸಿದರೆ ಅದು ನೆಲಕ್ಕೆ ಇಂಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2016ರ ವರದಿ ಕುಡಿಯುವ ನೀರಿಗೆ ಅಪಾಯ ಅಂತ ಎತ್ತಿ ತೋರಿಸಿದ್ದು ಇಂಥವನ್ನೇ: ಚೆಲ್ಲಿದ ರಾಸಾಯನಿಕ, ಭದ್ರವಿಲ್ಲದ ಬಾವಿ, ಇಂಥ ಗುಂಡಿ.

'ಊರಿಗೆ ಊರೇ ಕ್ಯಾನ್ಸರ್' ಅನ್ನುವ ಸಾಲು ತೆಗೆಯಿರಿ. ಅದರ ಜಾಗಕ್ಕೆ 2017ರ ಅಧ್ಯಯನ ಬರಲಿ. ಪೆನ್ಸಿಲ್ವೇನಿಯದ 11 ಲಕ್ಷ ಹೆರಿಗೆಗಳ ದಾಖಲೆ ನೋಡಿದಾಗ, ಫ್ರಾಕಿಂಗ್ ಬಾವಿಯ ಒಂದು ಕಿಲೋಮೀಟರ್ ಒಳಗಿದ್ದ ತಾಯಂದಿರಿಗೆ ಕಡಿಮೆ ತೂಕದ ಮಗು ಹುಟ್ಟುವ ಸಾಧ್ಯತೆ ಶೇಕಡಾ 25ರಷ್ಟು ಜಾಸ್ತಿ ಇತ್ತು. ಮೂರು ಕಿಲೋಮೀಟರ್ ಆಚೆ ಆ ಪರಿಣಾಮ ಕಾಣಲಿಲ್ಲ. ಈ ದೂರದ ಲೆಕ್ಕ ಬಿಡಬೇಡಿ.

'ಕಂಪನಿಗಳ ಸಂಚು' ಅಂತ ಸುಮ್ನೆ ಬರೆಯಬೇಡಿ. 2005ರ ಕಾನೂನು ಡೀಸೆಲ್ ಬಳಸುವ ಫ್ರಾಕಿಂಗ್ ಬಿಟ್ಟು ಉಳಿದದ್ದನ್ನು ಅಮೆರಿಕದ ಕುಡಿಯುವ ನೀರಿನ ಸುರಕ್ಷತಾ ಕಾಯ್ದೆಯ ಹಿಡಿತದಿಂದ ಹೊರಗಿಟ್ಟಿತು. ಎಲ್ಲರಿಗೂ ಕಾಣುವಂತೆ ಆದದ್ದು ಅದು.

ಇನ್ನು ನನಗೆ ನಿಜಕ್ಕೂ ಹಿಡಿಸಿದ ಜಾಗ. ನಾಲ್ಕನೇ ಪುಟದಲ್ಲಿ ಮರಳು ತುಂಬುವ ಯಂತ್ರದ ಮುಚ್ಚಳ ತೆರೆಯುತ್ತದೆ, ಬಿಳಿ ಧೂಳು ಏಳುತ್ತದೆ, ಕೆಲಸದವನು ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಳ್ಳುತ್ತಾನೆ. ಬರೀ ಮೂರು ಸಾಲು. ಅಲ್ಲಿ ನೀವು ಯಾರನ್ನೂ ಬೈದಿಲ್ಲ, ನನಗೆ ಮಾತ್ರ ಗಂಟಲು ಒಣಗಿತು. ಆ ಧೂಳು ಸಿಲಿಕಾ, ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ತರುವಂಥದ್ದು. ಅಮೆರಿಕದ ಸರ್ಕಾರಿ ತಜ್ಞರು 11 ಕಡೆ ಗಾಳಿ ಅಳೆದಾಗ ಕೆಲವು ಮಾದರಿಗಳಲ್ಲಿ ಅದು ಮಿತಿಯ 10 ಪಟ್ಟು ದಾಟಿತ್ತು. 2012ರಲ್ಲಿ ಎಚ್ಚರಿಕೆಯನ್ನೂ ಹೊರಡಿಸಿದರು.

ಲೇಖನ ಆ ಮುಚ್ಚಳದಿಂದ ಶುರುವಾಗಲಿ. ಅಲ್ಲಿಂದ ಮರಳಿನ ಜೊತೆ ಬಾವಿಗೆ ಇಳಿಯಿರಿ, ನೀರಿನ ಜೊತೆ ಮೇಲೆ ಬನ್ನಿ. ಬೆಂಕಿಯ ನಲ್ಲಿಯನ್ನು ಕೈಬಿಡಿ. ಬರೆದು ಮತ್ತೆ ಕಳಿಸಿ, ಓದಲು ಕಾಯುತ್ತೇನೆ.