ಸ್ವರ ಸಂವಾದ: ಕಳೆದ ವರ್ಷದ ಮೆಚ್ಚಿನ ಕವರ್ ಹಾಡುಗಳು

ಪ್ರಶ್ನೆ: ಕಳೆದ ಒಂದು ವರ್ಷದಲ್ಲಿ ತಾವು ಕೇಳಿದ ಕವರ್ ಹಾಡುಗಳಲ್ಲಿ (ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ತಮ್ಮ ರೀತಿಯಲ್ಲಿ ಮತ್ತೆ ಹಾಡಿದವು) ಯಾವುವು ಹೆಚ್ಚು ಹಿಡಿಸಿದವು? ಕಾರಣವನ್ನೂ ತಿಳಿಸಿದರೆ ನಮ್ಮಂಥ ಕಲಿಯುವವರಿಗೆ ಅನುಕೂಲವಾಗುತ್ತದೆ.
(ಓದುಗರೊಬ್ಬರು, ಹಾಸನ)

ಉತ್ತರ: ನನ್ನ ಪಟ್ಟಿ ಚಿಕ್ಕದು. ಅದರಲ್ಲಿರುವ ಗಾಯಕರು ಬಹುತೇಕ ಇನ್ನೂ ಓದುತ್ತಿರುವ ಮಕ್ಕಳಾದ್ದರಿಂದ ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ.

ಮೊದಲ ಸ್ಥಾನವನ್ನು ಬೇಲೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ಬರಿಯ ಏಕತಾರಿಯ ಜೊತೆಗೆ ಹಾಡಿದ, ಶಿಶುನಾಳ ಶರೀಫರ ‘ಕೋಡಗನ ಕೋಳಿ ನುಂಗಿತ್ತ’ ಪದಕ್ಕೆ ಕೊಡುತ್ತೇನೆ. ಶರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಪ್ರಮುಖರಾದ ಸಿ. ಅಶ್ವತ್ಥ್ ನಮ್ಮ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿಯೇ ಹುಟ್ಟಿದವರು. ಅವರ ಏರುದನಿಯ ಆವೇಶ ಎಷ್ಟು ಪ್ರಬಲವಾಗಿತ್ತೆಂದರೆ, ಆಮೇಲೆ ಬಂದ ಗಾಯಕರಲ್ಲಿ ಅನೇಕರು ಶರೀಫರ ಪದವನ್ನು ಹಾಡಲು ಹೊರಟು ಕೊನೆಗೆ ಅಶ್ವತ್ಥ್ ಅವರ ಕಂಠವನ್ನಷ್ಟೇ ಅನುಕರಿಸಿ ಇಳಿಯುತ್ತಾರೆ. ಈ ಹುಡುಗಿ ಹಾಗೆ ಮಾಡಲಿಲ್ಲ. ಕೆಳಗಿನ ಶ್ರುತಿಯನ್ನು ಹಿಡಿದು, ವಿಳಂಬ ಗತಿಯಲ್ಲಿ, ಪ್ರತಿ ಸಾಲಿನ ಕೊನೆಗೂ ಕೇಳುಗರಿಗೆ ಯೋಚಿಸಲು ಒಂದಿಷ್ಟು ಬಿಡುವು ಕೊಟ್ಟು ಹಾಡಿದಳು. ವೇಗವಾಗಿ ಹಾಡಿದಾಗ ಆಡು ಆನೆಯನ್ನು ನುಂಗುವುದೂ ಗೋಡೆ ಸುಣ್ಣವನ್ನು ನುಂಗುವುದೂ ತಮಾಷೆಯಾಗಿ ಕೇಳಿಸಿ ಸಭೆಯವರು ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಆದರೆ ಅದು ಬೆಡಗಿನ ಪದ, ಅಂದರೆ ಒಗಟಿನಂಥ ಮಾತಿನಲ್ಲಿ ಒಳಅರ್ಥವನ್ನು ಅಡಗಿಸಿದ ಪದ. ಒಂದು ಇನ್ನೊಂದನ್ನು ನುಂಗುತ್ತಾ ಹೋಗುವ ಆ ಸಾಲುಗಳೆಲ್ಲ, ಗೋವಿಂದ ಗುರುವಿನ ಪಾದವು ‘ನನ್ನನ್ನೇ’ ನುಂಗಿತು ಎಂಬ ಕೊನೆಯ ಮಾತಿಗೆ ಕೇಳುಗನನ್ನು ಸಿದ್ಧಗೊಳಿಸುತ್ತವೆ. ಆ ಕೊನೆಯ ಸಾಲು ಬರುವ ಹೊತ್ತಿಗೆ ಎಲ್ಲರೂ ತಾಳ ಹಾಕುವುದರಲ್ಲಿ ಮುಳುಗಿದ್ದರೆ ಪದ ವ್ಯರ್ಥವಾದಂತೆಯೇ ಸರಿ. ಮೂಲ ಗಾಯಕನನ್ನು ದಾಟಿ ಮೂಲ ಕವಿಯವರೆಗೆ ಹೋಗಿ ಬಂದ ಹಾಡನ್ನೇ ನಾನು ಒಳ್ಳೆಯ ಕವರ್ ಎಂದು ಪರಿಗಣಿಸುತ್ತೇನೆ.

ಎರಡನೆಯದು, ಸಕಲೇಶಪುರದ ತರುಣರು ಗಿಟಾರ್ ಒಂದನ್ನೇ ಇಟ್ಟುಕೊಂಡು ಹಾಡಿದ ‘ಅನಿಸುತಿದೆ ಯಾಕೋ ಇಂದು’. 2006ರ ‘ಮುಂಗಾರು ಮಳೆ’ಗಾಗಿ ಜಯಂತ ಕಾಯ್ಕಿಣಿ ಬರೆದು, ಮನೋಮೂರ್ತಿ ಸಂಯೋಜಿಸಿದ ಈ ಹಾಡನ್ನು ಸೋನು ನಿಗಮ್ ಅವರ ಉಸಿರು ಬೆರೆತ ಮೆಲುದನಿಯಲ್ಲಿಯೇ ಹಾಡಬೇಕೆಂಬ ಹಟ ಹಲವರಿಗಿದೆ. ಈ ಹುಡುಗರು ಮಾತನಾಡುವ ದನಿಯಲ್ಲಿ ಹಾಡಿದ್ದರಿಂದ ಅಕ್ಷರಗಳು ಸ್ಪಷ್ಟವಾಗಿ ಕೇಳಿಸಿದವು. ನಡುವೆ ಸೇರಿಸಿದ ಇಂಗ್ಲಿಷ್ ರ‍್ಯಾಪ್ ಏತಕ್ಕೆಂದು ನನಗಿನ್ನೂ ತಿಳಿದಿಲ್ಲ.

ಮೂರನೆಯದು ಕೊಪ್ಪದ ಶಾಲಾ ಮಕ್ಕಳ ‘ಓ ನನ್ನ ಚೇತನ’. ಕುವೆಂಪು ಹುಟ್ಟಿದ ಹಿರೇಕೊಡಿಗೆ ಅದೇ ತಾಲ್ಲೂಕಿನಲ್ಲಿದೆ ಎಂಬ ಅಭಿಮಾನದಿಂದಲೂ ನಾನು ಅದನ್ನು ಮೆಚ್ಚಿರಬಹುದು.

ಪ್ರಶ್ನೆ: ನಾಡಗೀತೆಯನ್ನು ಬೇರೆ ಧಾಟಿಯಲ್ಲಿ ಹಾಡುವುದು ತಪ್ಪೇ?
(ಶಿಕ್ಷಕಿಯೊಬ್ಬರು, ಚನ್ನರಾಯಪಟ್ಟಣ)

ಉತ್ತರ: ತಾವು ಶಿಕ್ಷಕಿಯಾಗಿರುವುದರಿಂದ ನಿಯಮವನ್ನು ಮೊದಲು ಹೇಳುತ್ತೇನೆ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿ ಅವರ ರಾಗ ಸಂಯೋಜನೆಯಲ್ಲಿ, ಪೂರ್ಣಪಾಠವನ್ನು 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶಿಸಿದೆ. ಶಾಲೆಯಲ್ಲಿಯೂ ಸರ್ಕಾರಿ ಸಮಾರಂಭಗಳಲ್ಲಿಯೂ ಅದನ್ನೇ ಪಾಲಿಸಿರಿ. ಸುಗಮ ಸಂಗೀತದ ವೇದಿಕೆಯಲ್ಲಿ ಅಶ್ವತ್ಥ್ ಅವರ ಸಂಯೋಜನೆಯನ್ನು ಹಾಡಿದರೆ ನನಗಂತೂ ಸಂತೋಷವೇ.

ಪ್ರಶ್ನೆ: ನನ್ನ ಮಗ ಹಳೆಯ ಹಾಡುಗಳನ್ನು ಕರೋಕೆ ಟ್ರ್ಯಾಕಿಗೆ ಹಾಡಿ ಯೂಟ್ಯೂಬಿಗೆ ಹಾಕುತ್ತಾನೆ. ಈಚೆಗೆ ಕಾಪಿರೈಟ್ ಕ್ಲೇಮ್ ಬಂದಿದೆ. ಹೆದರಬೇಕೇ?
(ತಾಯಿಯೊಬ್ಬರು, ಚಿಕ್ಕಮಗಳೂರು)

ಉತ್ತರ: ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಬಂದಾಗ ಸಾಮಾನ್ಯವಾಗಿ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ. ಕೆಲವೊಮ್ಮೆ ವಿಡಿಯೋ ಕಾಣದಂತೆಯೂ ಆಗಬಹುದು. ಚಾನೆಲ್ಲಿಗೇ ಅಪಾಯ ತರುವುದು ಸ್ಟ್ರೈಕ್, ಅಂದರೆ ಹಕ್ಕುದಾರರ ದೂರಿನ ಮೇಲೆ ಯೂಟ್ಯೂಬ್ ಕೊಡುವ ಎಚ್ಚರಿಕೆ.

ಒಂದು ಹಾಡಿನಲ್ಲಿ ಸಾಹಿತ್ಯದ ಹಕ್ಕು, ಸಂಗೀತದ ಹಕ್ಕು, ಧ್ವನಿಮುದ್ರಣದ ಹಕ್ಕು ಎಂದು ಮೂರು ಹಕ್ಕುಗಳು ಸೇರಿರುತ್ತವೆ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃವಿನ ಮರಣಾನಂತರ 60 ವರ್ಷ ಉಳಿಯುತ್ತದೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ. 1889ರಲ್ಲಿ ತೀರಿಕೊಂಡ ಶರೀಫರ ಪದಗಳಿಗೆ ಯಾರ ಹಂಗೂ ಇಲ್ಲ, ಆದರೆ ಈಚಿನವರೊಬ್ಬರು ಅವಕ್ಕೆ ಕೂಡಿಸಿದ ರಾಗ ಸಂಯೋಜನೆಗೆ ಹಕ್ಕುದಾರರಿರುತ್ತಾರೆ. 1981ರಲ್ಲಿ ಅಗಲಿದ ಬೇಂದ್ರೆಯವರ ಕವಿತೆಗಳ ಹಕ್ಕು 2041ರ ಕೊನೆಯವರೆಗೂ, 1994ರಲ್ಲಿ ಅಗಲಿದ ಕುವೆಂಪು ಅವರದು 2054ರ ಕೊನೆಯವರೆಗೂ ಇರುತ್ತದೆ. ತಮ್ಮ ಮಗ ಬಳಸುವ ಟ್ರ್ಯಾಕ್ ಇನ್ನೊಬ್ಬರು ಮುದ್ರಿಸಿದ್ದಾದರೆ ಅದಕ್ಕೂ ಪ್ರತ್ಯೇಕ ಅನುಮತಿ ಬೇಕಾಗುತ್ತದೆ.

ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 31ಸಿ ವಿಧಿಯು ಕವರ್ ಧ್ವನಿಮುದ್ರಣಕ್ಕೆ ಪರವಾನಗಿಯ ದಾರಿಯನ್ನು ತೆರೆದಿದೆ. ಮೂಲ ಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಕನಿಷ್ಠ 50,000 ಪ್ರತಿಗಳ ರಾಯಧನವನ್ನು ಮುಂಗಡವಾಗಿ ಕಟ್ಟಬೇಕು, ತಾಂತ್ರಿಕವಾಗಿ ಅನಿವಾರ್ಯವಲ್ಲದ ಯಾವ ಬದಲಾವಣೆಯನ್ನೂ ಮಾಡಬಾರದು. ಕ್ಯಾಸೆಟ್ ಕಂಪನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿರುವ ಈ ವಿಧಿ ಮನೆಯಲ್ಲಿ ಕುಳಿತು ಹಾಡುವ ಹುಡುಗನಿಗೆ ಉಪಯೋಗಕ್ಕೆ ಬರುವುದಿಲ್ಲ. ಅವನು ಸ್ವಂತ ವಾದ್ಯದೊಂದಿಗೆ ದಾಸರ ಪದಗಳನ್ನೋ ವಚನಗಳನ್ನೋ ತನ್ನದೇ ಧಾಟಿಯಲ್ಲಿ ಹಾಡಿದರೆ ತೊಡಕು ಬಹಳ ಮಟ್ಟಿಗೆ ತಪ್ಪುತ್ತದೆ. ಯಾವುದನ್ನು ಹಾಡಿದರೂ ಕವಿಯ ಮತ್ತು ಸಂಯೋಜಕರ ಹೆಸರನ್ನು ಬರೆಯಲು ಹೇಳಿ. ಅದರಿಂದ ಅನುಮತಿ ಸಿಕ್ಕಂತಾಗುವುದಿಲ್ಲ ನಿಜ, ಆದರೆ ಕವಿಯ ಹೆಸರನ್ನೇ ಹೇಳದೆ ಭಾವಗೀತೆಯನ್ನು ಹಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ಹಳೆಯ ಹಾಡುಗಳನ್ನು ಈಗಿನವರು ಕೆಡಿಸುತ್ತಿದ್ದಾರೆ. ಶಾಸ್ತ್ರೀಯ ಸಂಗೀತದಲ್ಲಿ ಇಂಥ ಸ್ವೇಚ್ಛೆ ಉಂಟೇ?
(ಹಿರಿಯ ಓದುಗರು, ಅರಕಲಗೂಡು)

ಉತ್ತರ: ತಮ್ಮ ತಾಲ್ಲೂಕಿನ ರುದ್ರಪಟ್ಟಣವೇ ಇದಕ್ಕೆ ಉತ್ತರ ಕೊಡಬಲ್ಲದು. ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರನ್ನು ಕೊಟ್ಟ ಆ ಊರಿನ ಪರಂಪರೆಯಲ್ಲಿ, ಹಾಡುವ ಬಹುಪಾಲು ಕೃತಿಗಳು ನೂರಾರು ವರ್ಷಗಳಿಂದ ಮತ್ತೆ ಮತ್ತೆ ಹಾಡಿದವೇ. ಪಾಠಾಂತರ, ಅಂದರೆ ಕೃತಿಯನ್ನು ಹಾಡಿಕೊಂಡು ಬಂದ ರೀತಿ, ಗುರುವಿನಿಂದ ಗುರುವಿಗೆ ಬೇರೆಯಾಗುತ್ತದೆ. ನೆರವಲ್ (ಒಂದು ಸಾಲನ್ನೇ ಹಲವು ಬಗೆಯಲ್ಲಿ ಹಾಡುವುದು) ಮತ್ತು ಕಲ್ಪನಾಸ್ವರಗಳಲ್ಲಿ (ಆ ಕ್ಷಣದಲ್ಲಿ ಹೊಸೆದು ಹಾಡುವ ಸ್ವರಗಳು) ವಿದ್ವಾಂಸರು ತಮ್ಮ ಮನೋಧರ್ಮಕ್ಕೆ ತಕ್ಕಂತೆ ವಿಸ್ತರಿಸುತ್ತಾರೆ. ಸ್ವಾತಂತ್ರ್ಯ ಅಲ್ಲಿ ಬೇಕಾದಷ್ಟಿದೆ, ಆದರೆ ಅದನ್ನು ಬಳಸುವವರು ಮೊದಲು ಸಾಹಿತ್ಯವನ್ನು ಬಾಯಿಪಾಠ ಮಾಡಿ, ಪದವನ್ನು ಎಲ್ಲಿ ಒಡೆಯಬಾರದೆಂದು ಕಲಿತಿರುತ್ತಾರೆ. ಈಗಿನ ಕವರ್ ಗಾಯಕರಲ್ಲಿ ಹಲವರಿಗೆ ಆ ಕಲಿಕೆ ಸಾಲದು ಎಂದರೆ ತಮ್ಮ ಮಾತನ್ನು ಒಪ್ಪುತ್ತೇನೆ. ಗಿಟಾರ್ ಹಿಡಿದದ್ದೇ ಅಪರಾಧ ಎಂದರೆ ಒಪ್ಪಲಾರೆ.

ಪ್ರಶ್ನೆ: ಮಗಳು ಕಾಲೇಜಿನ ವಾರ್ಷಿಕೋತ್ಸವದಲ್ಲಿ ‘ನಾದಮಯ’ ಹಾಡಬೇಕೆನ್ನುತ್ತಾಳೆ. ಇನ್ನೊಂದು ತಿಂಗಳಿದೆ. ಸಾಧ್ಯವೇ?
(ತಂದೆಯೊಬ್ಬರು, ಕಡೂರು)

ಉತ್ತರ: ‘ಜೀವನ ಚೈತ್ರ’ದ ಆ ಹಾಡಿಗೆ ಡಾ. ರಾಜ್‌ಕುಮಾರ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದೆ; ತೋಡಿ ರಾಗದ ಅಭ್ಯಾಸವಿಲ್ಲದವರಿಗೆ ಒಂದು ತಿಂಗಳು ಸಾಲದು. ಮಗಳಿಗೆ ಕೆಲವು ವರ್ಷಗಳ ಪಾಠವಾಗಿದ್ದರೆ ಪ್ರಯತ್ನಿಸಬಹುದು. ಆಗಲೂ ಗಂಡು ಕಂಠಕ್ಕೆ ಹೊಂದಿಸಿದ ಟ್ರ್ಯಾಕ್ ಬೇಡ. ಯಂತ್ರದಿಂದ ಶ್ರುತಿ ಏರಿಸಿದರೆ ವಾದ್ಯಗಳ ನಾದ ಕೆಡುತ್ತದೆ. ಹಾರ್ಮೋನಿಯಂ ಮತ್ತು ತಬಲಾ ನುಡಿಸುವವರನ್ನು ಈಗಲೇ ಗೊತ್ತುಮಾಡಿ, ಅವಳದೇ ಶ್ರುತಿಯಲ್ಲಿ ವಾರಕ್ಕೆರಡು ಬಾರಿಯಾದರೂ ಒಟ್ಟಿಗೆ ಕೂರಿಸಿರಿ.